ಹಳೆಯ ಹಾಡು ಮೇಲೋ, ಈಗಿನ ಹಾಡು ಮೇಲೋ?

"ಈಗಿನವೂ ಹಾಡುಗಳೇ? ಹಾಡೆಂದರೆ ನಮ್ಮ ಕಾಲದ್ದು" ಎಂಬ ಮಾತನ್ನು ನೀವು ಹೇಳಿರಬಹುದು, ಇಲ್ಲವೇ ಹೇಳಿಸಿಕೊಂಡಿರಬಹುದು. ಹಂಸಭಾವಿಯ ಚಹದಂಗಡಿಯಲ್ಲಿ ಆ ಮಾತು ಕೇಳಿಬರುತ್ತದೆ. ಹಿರೇಕೆರೂರು, ಹಾನಗಲ್ಲು, ಶಿಗ್ಗಾವಿ, ಸವಣೂರುಗಳ ಮದುವೆಯ ಚಪ್ಪರಗಳಲ್ಲಿಯೂ ಕೇಳಿಬರುತ್ತದೆ. ಗೋವಿನಜೋಳ ಹೇರಿಕೊಂಡ ಟ್ರ್ಯಾಕ್ಟರು ದೊಡ್ಡ ದನಿಯಲ್ಲಿ ಹಾಡು ಹಾಕಿಕೊಂಡು ಊರ ನಡುವೆ ಹಾದುಹೋದಾಗ ಕಟ್ಟೆಯ ಮೇಲಿನ ಹಿರಿಯರು ಮುಖ ಸಿಂಡರಿಸುತ್ತಾರೆ. ಟ್ರ್ಯಾಕ್ಟರು ನಡೆಸುವ ಹುಡುಗ ಅವರತ್ತ ನೋಡುವುದೂ ಇಲ್ಲ. ಇಬ್ಬರ ನಡುವೆ ಒಂದು ಪ್ರಶ್ನೆ ಬಿದ್ದಿದೆ. ಅದನ್ನು ಎತ್ತಿಕೊಂಡು ನೋಡುವ ತಾಳ್ಮೆ ಇಬ್ಬರಿಗೂ ಇಲ್ಲ.

ಸಂಗೀತ ಅವರವರ ರುಚಿ, ಇದರಲ್ಲಿ ನೀತಿಯ ಪ್ರಶ್ನೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಒಬ್ಬರಿಗೆ ರೊಟ್ಟಿ ಹಿಡಿಸುತ್ತದೆ, ಇನ್ನೊಬ್ಬರಿಗೆ ಅನ್ನ ಹಿಡಿಸುತ್ತದೆ ಎಂಬಷ್ಟಕ್ಕೆ ನಾವು ನಿಂತಿದ್ದರೆ ಪ್ರಶ್ನೆಯೇ ಇರುತ್ತಿರಲಿಲ್ಲ. ಆದರೆ ನಾವು ಅಷ್ಟಕ್ಕೆ ನಿಲ್ಲುವುದಿಲ್ಲ. ಮಗನು ಕೇಳುವ ಹಾಡನ್ನು ಕೀಳೆಂದು ಕರೆಯುವಾಗ ಅವನ ಗೆಳೆಯರನ್ನೂ ಅವನ ಕಾಲವನ್ನೂ ಕೊನೆಗೆ ಅವನನ್ನೂ ತಕ್ಕಡಿಯಲ್ಲಿಟ್ಟು ಕಡಿಮೆ ಎಂದು ಹೇಳಿಬಿಟ್ಟಿರುತ್ತೇವೆ. ಹಾಗೆಯೇ ಮಗನು ತಂದೆಯ ಹಾಡನ್ನು ಹಳಸಲೆಂದು ತಳ್ಳಿದಾಗ ತಂದೆಯ ಯೌವನವನ್ನೇ ತಳ್ಳಿರುತ್ತಾನೆ. ಎಷ್ಟೋ ಧರ್ಮಕೇಂದ್ರಗಳಲ್ಲಿ ಗಾನವೃಂದದ ಯುವಕರು ಕೀಬೋರ್ಡು, ಡ್ರಮ್ಮು ತಂದ ದಿನದಿಂದ ಹಿರಿಯರು ಬಾಯಿ ಮುಚ್ಚಿಕೊಂಡು ನಿಲ್ಲುತ್ತಾರೆ. ಹಿರಿಯರು ಗೊಣಗಿದ ಮೇಲೆ ಯುವಕರು ಗಾನವೃಂದವನ್ನೇ ಬಿಟ್ಟುಬಿಡುತ್ತಾರೆ. ಎರಡು ಬಗೆಯಲ್ಲಿಯೂ ನಿಲ್ಲುವುದು ಹಾಡೇ. ಆದ್ದರಿಂದ ಈ ತೂಕ ನ್ಯಾಯವಾಗಿ ನಡೆಯುತ್ತಿದೆಯೇ ಎಂದು ವಿಚಾರಿಸುವುದು ವ್ಯರ್ಥವಲ್ಲ.

ಈ ಜಗಳ ನಮ್ಮ ಸೀಮೆಯದು ಮಾತ್ರವಲ್ಲ. ಪಾಶ್ಚಾತ್ಯರ ರಾಕ್ ಸಂಗೀತದಲ್ಲಿ ಅದು ಹೆಚ್ಚು ಜೋರಾಗಿಯೇ ನಡೆದಿದೆ. 1950ರ ದಶಕದಲ್ಲಿ ಅಮೆರಿಕದಲ್ಲಿ ಈ ಸಂಗೀತ ಕಾಣಿಸಿಕೊಂಡಾಗ ಅಲ್ಲಿಯ ಅನೇಕ ಬೋಧಕರು ಇದು ಸೈತಾನನ ಗದ್ದಲವೆಂದು ಪೀಠದಿಂದ ಖಂಡಿಸಿದರು. ವಿಚಿತ್ರವೆಂದರೆ ಆ ಗದ್ದಲದ ಬೇರು ದೇವಾಲಯದ ಅಂಗಳದಲ್ಲಿಯೇ ಇತ್ತು. ಸಿಸ್ಟರ್ ರೊಸೆಟಾ ಥಾರ್ಪ್ (1915–1973) ಎಂಬ ಕರಿಯ ಜನಾಂಗದ ಗಾಯಕಿ ಚರ್ಚಿನ ಭಕ್ತಿಗೀತೆಗಳನ್ನೇ ವಿದ್ಯುತ್ ಗಿಟಾರಿನೊಂದಿಗೆ ಹಾಡಿದವರು. ರಾಕ್ ಸಂಗೀತದ ಮೊದಲ ತಲೆಮಾರಿನವರು ಅವರನ್ನು ಕೇಳಿ ಬೆಳೆದರು. ಆಕೆ ರಾತ್ರಿಯ ರಂಜನಾಗೃಹಗಳಲ್ಲಿ ಹಾಡಿದ್ದಕ್ಕಾಗಿ ಚರ್ಚಿನ ಜನರೇ ಆಕೆಯ ಮೇಲೆ ಮುನಿಸಿಕೊಂಡಿದ್ದರು. ಎಲ್ವಿಸ್ ಪ್ರೆಸ್ಲಿ ಎಂಬ ರಾಕ್ ಗಾಯಕನ ಕುಣಿತವನ್ನು ಕಂಡು ತಾಯಿತಂದೆಯರು ಹೌಹಾರಿದ್ದರು. ಅವನಿಗೆ ಸ್ಪರ್ಧೆಯಲ್ಲಿ ದೊರೆತ ಮೂರು ಗ್ರ್ಯಾಮಿ ಪ್ರಶಸ್ತಿಗಳೂ ಭಕ್ತಿಗೀತೆಗಳಿಗಾಗಿ ಬಂದವು.

ಇಂದು ಅದೇ ಸಂಗೀತವನ್ನು ಕೇಳಿ ಬೆಳೆದವರು ಅಜ್ಜಂದಿರಾಗಿದ್ದಾರೆ. 1962ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ರೋಲಿಂಗ್ ಸ್ಟೋನ್ಸ್ ಎಂಬ ತಂಡ 2003ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿಗೆ ಬಂದಿತು. ಆಗ ಅದರ ಮುಖ್ಯ ಗಾಯಕನಿಗೆ ಅರವತ್ತು ತುಂಬಲು ಕೆಲವೇ ತಿಂಗಳುಗಳು ಉಳಿದಿದ್ದವು. ಒಂದು ಕಾಲದಲ್ಲಿ ಮನೆ ಕೆಡಿಸುವ ಸಂಗೀತವೆನಿಸಿಕೊಂಡದ್ದು ಈಗ ಶ್ರೇಷ್ಠ ಸಂಗೀತವೆನಿಸಿಕೊಂಡಿದೆ; ಅದರ ಅಭಿಮಾನಿಗಳೇ ಈಗ ಮೊಮ್ಮಕ್ಕಳ ಹಾಡನ್ನು ಗದ್ದಲವೆಂದು ಕರೆಯುತ್ತಾರೆ. ಹಳೆಯ ರಾಕ್ ಮೇಲು, ಈಗಿನದು ಕಸ ಎಂದು ಅವರು ವಾದಿಸುವುದನ್ನು ಕೇಳಿದರೆ ನಮ್ಮ ಕಟ್ಟೆಯ ಹಿರಿಯರ ನೆನಪಾಗದೆ ಇರದು.

ಈ ವಾದದಲ್ಲಿ ಮೊದಲಿಗೆ ಒಂದು ತಪ್ಪು ತೂಕವಿದೆ. ಅದನ್ನು ತಿಳಿಯಲು ನಮ್ಮ ರೈತರಿಗೆ ದೊಡ್ಡ ಗ್ರಂಥ ಬೇಡ, ಕಣ ಸಾಕು. ರಾಶಿ ಮಾಡಿದ ಜೋಳದಲ್ಲಿ ಕಾಳಿನ ಜೊತೆ ಹೊಟ್ಟು, ಕಂಕಿ, ಮಣ್ಣು ಎಲ್ಲವೂ ಇರುತ್ತವೆ. ಗಾಳಿ ಬಂದಾಗ ತೂರಿದರೆ ಹೊಟ್ಟು ಹಾರಿಹೋಗಿ ಕಾಳು ಉಳಿಯುತ್ತದೆ. ಐವತ್ತು ವರ್ಷಗಳ ಹಿಂದಿನ ಹಾಡುಗಳೆಂದು ನಾವು ಇಂದು ಕೇಳುತ್ತಿರುವುದು ಕಾಲವೆಂಬ ಗಾಳಿ ಐವತ್ತು ವರ್ಷ ತೂರಿದ ಕಾಳನ್ನು. ಈಗಿನ ಹಾಡುಗಳೆಂದರೆ ಇನ್ನೂ ತೂರದ ರಾಶಿ. ತೂರಿದ ಕಾಳನ್ನು ತೂರದ ರಾಶಿಯೊಂದಿಗೆ ಹೋಲಿಸಿ ಈ ವರ್ಷದ ಬೆಳೆ ಕೆಟ್ಟಿತು ಎನ್ನುವ ರೈತನನ್ನು ಯಾರೂ ಜಾಣನೆನ್ನಲಾರರು. 1960ರ ದಶಕದಲ್ಲಿಯೂ ಅರ್ಥವಿಲ್ಲದ ಹಾಡುಗಳು, ಎರವಲು ರಾಗಗಳು, ಒಂದು ವಾರ ಮೆರೆದು ಮರೆಯಾದ ಗೀತೆಗಳು ಬೇಕಾದಷ್ಟು ಬಂದವು. ಅವನ್ನು ನಾವು ಮರೆತಿದ್ದೇವೆ. ಮರೆತದ್ದನ್ನು ತಕ್ಕಡಿಯಲ್ಲಿ ಇಡುವವರು ಯಾರು?

ಹಾಗಾದರೆ ಉಳಿದದ್ದೆಲ್ಲ ಕಾಳು, ಹೋದದ್ದೆಲ್ಲ ಹೊಟ್ಟು ಎನ್ನೋಣವೇ? ಅದೂ ಸಲ್ಲದು. ನಮ್ಮ ಅಜ್ಜಿಯರು ನಸುಕಿನಲ್ಲಿ ಎದ್ದು ಬೀಸುಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದ ಬೀಸುವ ಪದಗಳನ್ನು ನೆನೆಯಿರಿ. ತವರಿನ ಹಂಬಲ, ಮಕ್ಕಳ ಮೇಲಿನ ಮಮತೆ, ಹೇಳಿಕೊಳ್ಳಲಾರದ ಸಂಕಟ, ಎಲ್ಲವೂ ಆ ತ್ರಿಪದಿಗಳಲ್ಲಿ ಹಿಟ್ಟಿನೊಂದಿಗೆ ಹೊರಬರುತ್ತಿದ್ದವು. ಹಲಸಂಗಿಯ ಗೆಳೆಯರು ಊರೂರು ತಿರುಗಿ ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕವಾಗಿ ಪ್ರಕಟಿಸಿದ್ದರಿಂದ ಕೆಲವು ನಮಗೆ ಉಳಿದಿವೆ, ಅದೂ ಮಾತುಗಳು ಮಾತ್ರ. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿತು, ಪದಗಳೂ ಮೂಲೆ ಸೇರಿದವು. ಅವು ಕೀಳಾಗಿದ್ದವೆಂದು ಹೋದವುಗಳಲ್ಲ; ಅವನ್ನು ಹಾಡುವ ಹೊತ್ತು ಇಲ್ಲವಾಯಿತು. (ಬೀಸುವ ಕಷ್ಟವಿಲ್ಲದವರು ಬೀಸುವ ಪದಕ್ಕಾಗಿ ಕಣ್ಣೀರಿಡುವುದು ಸುಲಭ. ಗಿರಣಿ ಬಂದಾಗ ಆ ತಾಯಂದಿರು ಅತ್ತಿರಲಾರರು.) ಕಾಲವು ತೂರುವ ಗಾಳಿಯಾದರೂ ಅದು ನ್ಯಾಯಾಧೀಶನಲ್ಲ. ಒಳ್ಳೆಯದನ್ನೂ ಅದು ಹಾರಿಸಿಕೊಂಡು ಹೋಗುತ್ತದೆ.

ಹಳೆಯದರ ಪರವಾಗಿ ಹೇಳಬೇಕಾದ ಗಟ್ಟಿಯಾದ ಮಾತು ಒಂದಿದೆ, ಅದನ್ನು ಮುಚ್ಚಿಡಬಾರದು. 2012ರಲ್ಲಿ ಬಾರ್ಸಿಲೋನಾದ ಸಂಶೋಧಕರು 1955ರಿಂದ 2010ರವರೆಗಿನ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಪಾಶ್ಚಾತ್ಯ ಜನಪ್ರಿಯ ಹಾಡುಗಳನ್ನು ಗಣಕಯಂತ್ರದಿಂದ ಪರಿಶೀಲಿಸಿದರು. ಸ್ವರದಿಂದ ಸ್ವರಕ್ಕೆ ಸಾಗುವ ದಾರಿಗಳು ಕಿರಿದಾಗಿವೆ, ನಾದದ ಬಗೆಗಳು ಕಡಿಮೆಯಾಗಿವೆ, ಧ್ವನಿಮುದ್ರಣದ ಗಟ್ಟಿತನ ಮಾತ್ರ ಹೆಚ್ಚುತ್ತ ಬಂದಿದೆ ಎಂದು ಅವರು ಕಂಡರು. ಇಲ್ಲಿ ಅಜ್ಜನ ಗೊಣಗಾಟಕ್ಕೆ ಅಂಕಿಅಂಶದ ಬೆಂಬಲ ಸಿಕ್ಕಂತಾಯಿತು. ಈಗಿನ ಹಾಡು ಜೋರಾಗಿದೆ ಎಂದು ಅವನು ಹೇಳುವುದು ಕಿವಿಯ ಭ್ರಮೆಯಲ್ಲ. ಆದರೆ ವೈವಿಧ್ಯ ಬೇರೆ, ಒಳ್ಳೆಯತನ ಬೇರೆ. ನಮ್ಮ ಭಜನೆಯ ಪದಗಳಲ್ಲಿ ನಾಲ್ಕೈದು ಸ್ವರಗಳಲ್ಲಿಯೇ ಸುತ್ತುವವು ಎಷ್ಟಿಲ್ಲ? ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತ ಇಡೀ ರಾತ್ರಿ ಕಳೆಯುವುದಿಲ್ಲವೇ? ಅಳತೆಗೋಲು ಸಿಕ್ಕಿತೆಂದು ಅದನ್ನು ಎಲ್ಲದಕ್ಕೂ ಹಿಡಿಯುವುದು ಸರಿಯಲ್ಲ.

ಈಗ ನಮ್ಮ ನೆರೆಯ ಒಂದು ಉದಾಹರಣೆಯನ್ನು ನೋಡೋಣ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಸಂತ ಶರೀಫರನ್ನು (1819–1889) ಅರಿಯದವರು ಈ ಸೀಮೆಯಲ್ಲಿಲ್ಲ. ಮುಸಲ್ಮಾನರ ಮನೆಯಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದು, ಕಂಡ ಕಂಡ ವಸ್ತುವನ್ನೇ ಹಾಡಾಗಿಸಿದ ಮಹಾನುಭಾವರು ಅವರು. ಸೇದುವ ಗುಡುಗುಡಿ ಅವರ ಬಾಯಲ್ಲಿ ತತ್ತ್ವಪದವಾಯಿತು; ಮಳೆಗೆ ಸೋರುವ ಮಾಳಿಗೆ ಅಜ್ಞಾನದಿಂದ ಕೆಡುವ ಬಾಳಿನ ಚಿತ್ರವಾಯಿತು. ಮಣ್ಣಿನ ಮಾಳಿಗೆಯ ಕೆಳಗೆ ಮಳೆಗಾಲದಲ್ಲಿ ಪಾತ್ರೆಯಿಟ್ಟು ನೀರು ಹಿಡಿದವರಿಗೆ ಆ ಪದದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆರ್‌ಸಿಸಿ ಮನೆಯಲ್ಲಿ ಬೆಳೆದ ಮಗುವಿಗೆ ಹೇಳಬೇಕಾಗುತ್ತದೆ.

ಶರೀಫರ ಪದಗಳನ್ನು ನಮ್ಮಲ್ಲಿ ಬಹಳ ಜನ ಮೊದಲು ಕೇಳಿದ್ದು ಸಿ. ಅಶ್ವತ್ಥ್ ಅವರ ಕಂಠದಲ್ಲಿ, ಇಲ್ಲವೇ ಶಿವಮೊಗ್ಗ ಸುಬ್ಬಣ್ಣನವರ ಕಂಠದಲ್ಲಿ. 1990ರಲ್ಲಿ ಟಿ. ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಲನಚಿತ್ರ ಬಂದಾಗ ಅಶ್ವತ್ಥ್ ಅವರ ಸಂಗೀತ ಹಳ್ಳಿಹಳ್ಳಿಯನ್ನು ಮುಟ್ಟಿತು. ಮುಂದೆ 2008ರಲ್ಲಿ ರಘು ದೀಕ್ಷಿತ್ ಎಂಬ ಗಾಯಕ ತನ್ನ ತಂಡದೊಂದಿಗೆ ಹೊರತಂದ 'ಅಂತರಾಗ್ನಿ' ಎಂಬ ಹಾಡುಗಳ ಸಂಪುಟದಲ್ಲಿ ಗುಡುಗುಡಿಯ ಪದವೂ ಸೋರುವ ಮಾಳಿಗೆಯ ಪದವೂ ಗಿಟಾರು, ಡ್ರಮ್ಮುಗಳೊಂದಿಗೆ ರಾಕ್ ಧಾಟಿಯಲ್ಲಿ ಬಂದವು. ಕಾಲೇಜಿನ ಹುಡುಗರು ಕುಣಿದರು. ಶರೀಫಜ್ಜನ ಪದವನ್ನು ಕೆಡಿಸಿದರೆಂದು ಹಿರಿಯರು ನೊಂದುಕೊಂಡರು.

ಅವರ ನೋವು ನಿಜ. ಆದರೆ ಕೆಡುವ ಮುನ್ನ ಆ ಪದ ಹೇಗಿತ್ತು? ಅವರ ಮನಸ್ಸಿನಲ್ಲಿರುವ 'ಮೂಲ' ಅಶ್ವತ್ಥ್ ಅವರು ಕಟ್ಟಿದ ಧಾಟಿ. ಅದರಲ್ಲಿ ವಾದ್ಯವೃಂದವಿತ್ತು, ಧ್ವನಿಮುದ್ರಣದ ಕೊಠಡಿಯಿತ್ತು, ಆಧುನಿಕ ಸುಗಮ ಸಂಗೀತದ ಸಂಸ್ಕಾರವಿತ್ತು. ಶರೀಫರು ಹೇಗೆ ಹಾಡಿದರೆಂಬುದಕ್ಕೆ ಯಾವ ಮುದ್ರಿಕೆಯೂ ಇಲ್ಲ. ಎಡಿಸನ್ ಧ್ವನಿಮುದ್ರಣ ಯಂತ್ರವನ್ನು ಕಂಡುಹಿಡಿದದ್ದು 1877ರಲ್ಲಿ. ಭಾರತದ ಗಾಯಕರ ದನಿ ಗ್ರಾಮಫೋನ್ ತಟ್ಟೆಗೆ ಇಳಿಯತೊಡಗಿದ್ದು 1902ರಲ್ಲಿ. ಅಷ್ಟರಲ್ಲಿ ಶರೀಫರು ತೀರಿಕೊಂಡು ಹದಿಮೂರು ವರ್ಷಗಳಾಗಿದ್ದವು. ನಮ್ಮ ಭಜನಾ ಮೇಳಗಳಲ್ಲಿ ಬಾಯಿಂದ ಬಾಯಿಗೆ ಬಂದ ಧಾಟಿಗಳಿವೆ, ಅವು ಊರಿಂದ ಊರಿಗೆ ಬೇರೆಯಾಗುತ್ತವೆ. ಆ ಧಾಟಿಗಳಲ್ಲಿ ಬೆಳೆದ ಭಜನೆಯ ಅಜ್ಜನಿಗೆ ಅಶ್ವತ್ಥ್ ಅವರ ಹಾಡೂ ಒಂದು ದಿನ ಹೊಸ ಸದ್ದೇ ಆಗಿದ್ದಿರಬೇಕಲ್ಲವೇ? ನಾವು ಹಳೆಯದೆಂದು ಅಪ್ಪಿಕೊಂಡಿರುವುದು ಯಾರದೋ ಹೊಸ ಸಾಹಸ, ನಮ್ಮ ಕಿವಿಗೆ ಮೊದಲು ಬಿದ್ದದ್ದರಿಂದ ಹಳೆಯದಾಯಿತು.

ನನ್ನನ್ನು ಕೇಳಿದರೆ ಮಾಳಿಗೆಯ ಪದಕ್ಕೆ ಅಶ್ವತ್ಥ್ ಅವರ ದನಿಯೇ ತಕ್ಕದ್ದು. ಆ ಒಡೆದ ಕಂಠದಲ್ಲಿ ಸೋರುವ ಮನೆಯ ದಿಗಿಲಿದೆ. ಗುಡುಗುಡಿಯ ಪದದಲ್ಲಿರುವ ತುಂಟತನ ಮಾತ್ರ ಗಿಟಾರಿನೊಂದಿಗೆ ಚೆನ್ನಾಗಿ ಹೊಂದಿಕೊಂಡಿದೆ ಎನ್ನದೆ ವಿಧಿಯಿಲ್ಲ. ನೀವು ಒಪ್ಪದಿರಬಹುದು. ಆದರೆ ಹಾಡನ್ನು ಒಂದೊಂದಾಗಿ ಕೇಳಿ ತೂಗಿದಾಗ ಮಾತ್ರ ಇಂಥ ಭಿನ್ನಾಭಿಪ್ರಾಯವೂ ಸಾಧ್ಯವಾಗುತ್ತದೆ. ಕಾಲವನ್ನು ನೋಡಿ ತೀರ್ಪು ಕೊಟ್ಟರೆ ಕೇಳುವ ಶ್ರಮವೇ ಬೇಕಾಗಿಲ್ಲ.

ವಾದ್ಯಗಳ ಕಥೆಯೂ ಇದೇ. ದೇವಾಲಯಕ್ಕೆ ಹಾರ್ಮೋನಿಯಂ, ತಬಲಗಳೇ ನಮ್ಮ ಸಂಪ್ರದಾಯ, ಕೀಬೋರ್ಡು ಪರದೇಶಿ ಎನ್ನುವವರಿದ್ದಾರೆ. ಹಾರ್ಮೋನಿಯಂ 1840ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ರೂಪುಗೊಂಡ ವಾದ್ಯ. ಹತ್ತೊಂಬತ್ತನೆಯ ಶತಮಾನದಲ್ಲಿ ಐರೋಪ್ಯರೊಂದಿಗೆ ಇಲ್ಲಿಗೆ ಬಂದು, ಕಲ್ಕತ್ತೆಯಲ್ಲಿ ನೆಲದ ಮೇಲೆ ಕುಳಿತು ಕೈಯಿಂದ ಗಾಳಿ ಒತ್ತುವ ರೂಪ ಪಡೆಯಿತು. ಇದು ಭಾರತದ ಸಂಗೀತಕ್ಕೆ ಒಗ್ಗದ ಪರಕೀಯ ವಾದ್ಯವೆಂದು ಆಕಾಶವಾಣಿ 1940ರಲ್ಲಿ ಇದನ್ನು ನಿಷೇಧಿಸಿತ್ತು. ಆ ನಿಷೇಧ ಸಡಿಲವಾದದ್ದು 1971ರಲ್ಲಿ. ಅತ್ತ ಜಗದ್ಗುರು ಸಂತ ಹತ್ತನೆಯ ಪಯಸ್ ಅವರು 1903ರಲ್ಲಿ ಹೊರಡಿಸಿದ ಆದೇಶದಲ್ಲಿ ಪಿಯಾನೊ, ಡೋಲು, ತಾಳಗಳನ್ನು ದೇವಾಲಯದಿಂದ ಹೊರಗಿಟ್ಟರು. ಅರವತ್ತು ವರ್ಷಗಳ ಬಳಿಕ, 1963ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆ ಆಯಾ ಜನಾಂಗದ ಸಂಗೀತ ಪರಂಪರೆಗೆ ಆರಾಧನೆಯಲ್ಲಿ ತಕ್ಕ ಸ್ಥಾನ ನೀಡಬೇಕೆಂದಿತು. ಆ ಮಾತಿನ ಬಲದಿಂದಲೇ ಇಂದು ನಮ್ಮ ದೇವಾಲಯಗಳಲ್ಲಿ ಮೃದಂಗ, ತಾಳಗಳು ನುಡಿಯುತ್ತಿವೆ. ಇನ್ನು ಗಿಟಾರನ್ನು ಕಂಡರೆ ಸಿಡಿಮಿಡಿಗೊಳ್ಳುವವರು ಒಂದು ಸಂಗತಿಯನ್ನು ನೆನೆಯಬೇಕು. ಕ್ರಿಸ್ಮಸ್ ರಾತ್ರಿ ನಾವೆಲ್ಲರೂ ಮೇಣದ ಬತ್ತಿ ಹಿಡಿದು ಹಾಡುವ ಆ ಶಾಂತ ರಾತ್ರಿಯ ಗೀತೆಯನ್ನು 1818ರಲ್ಲಿ ಆಸ್ಟ್ರಿಯದ ಓಬರ್ನ್‌ಡಾರ್ಫ್ ಎಂಬ ಸಣ್ಣ ಊರಿನ ದೇವಾಲಯದಲ್ಲಿ ಮೊದಲ ಸಲ ಹಾಡಿದಾಗ ಜೊತೆಗಿದ್ದ ವಾದ್ಯ ಗಿಟಾರು.

ಆದರೂ ಹಳೆಯ ಹಾಡು ನಮ್ಮನ್ನು ಹಿಡಿಯುವ ಹಾಗೆ ಹೊಸದು ಏಕೆ ಹಿಡಿಯುವುದಿಲ್ಲ? ಹದಿಹರೆಯದಲ್ಲಿ ಕೇಳಿದ ಹಾಡುಗಳು ಮನಸ್ಸಿನಲ್ಲಿ ಆಳವಾಗಿ ಅಚ್ಚೊತ್ತುತ್ತವೆ ಎಂದು ನೆನಪಿನ ಬಗೆಗೆ ಅಧ್ಯಯನ ಮಾಡಿದವರು ಹೇಳುತ್ತಾರೆ. ಆ ಹಾಡಿನೊಂದಿಗೆ ಒಂದು ಸೈಕಲ್ಲು, ಒಂದು ಪರೀಕ್ಷೆ, ಈಗ ಬದುಕಿಲ್ಲದ ಒಬ್ಬ ಗೆಳೆಯ ಎಲ್ಲರೂ ಬರುತ್ತಾರೆ. ಹಾಡಿಗೆ ಕೊಡುವ ಹೊಗಳಿಕೆಯಲ್ಲಿ ಅರ್ಧ ನಮ್ಮ ಯೌವನಕ್ಕೆ ಸಲ್ಲಬೇಕಾದದ್ದು. ಹಿಂದಿನ ದಿನಗಳು ಇಂದಿಗಿಂತ ಲೇಸೇಕೆ ಎಂದು ಕೇಳುವುದು ವಿವೇಕದ ಪ್ರಶ್ನೆಯಲ್ಲವೆಂದು ಉಪದೇಶಕನ ಗ್ರಂಥದ ಏಳನೆಯ ಅಧ್ಯಾಯ ನೇರವಾಗಿಯೇ ಹೇಳುತ್ತದೆ. ಕೀರ್ತನೆಗಾರನಂತೂ ಹೊಸ ಹಾಡನ್ನು ಹಾಡಬೇಕೆಂದು ಒಂದು ಸಲವಲ್ಲ, ಹಲವು ಸಲ ಕರೆಯುತ್ತಾನೆ. ಇಂದು ನಮಗೆ ಅತಿ ಪುರಾತನವಾದ ಆ ಕೀರ್ತನೆಗಳು ಹೊಸ ಹಾಡನ್ನೇ ಬೇಡುತ್ತಿವೆ!

ಹೀಗೆ ವಾದ ಮಾಡುತ್ತ ಹೋದರೆ ಹೊಸದರ ಕಡೆಗೇ ತಕ್ಕಡಿ ವಾಲುತ್ತಿದೆಯೆಂದು ನಿಮಗೆ ಅನಿಸಬಹುದು. ವಾದದಲ್ಲಿ ಗೆಲ್ಲುವುದು ಒಂದು, ಬಾಳಿನಲ್ಲಿ ನಡೆಯುವುದು ಇನ್ನೊಂದು. ನಮ್ಮ ಸೀಮೆಯ ಹೆಸರನ್ನೇ ಹೊತ್ತ ಒಬ್ಬ ಮಹಾಗಾಯಕಿಯ ಮನೆಯಲ್ಲಿ ನಡೆದದ್ದನ್ನು ಕೇಳಿರಿ.

ಗಂಗೂಬಾಯಿ ಹಾನಗಲ್ (1913–2009) ಹುಟ್ಟಿದ್ದು ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಅಂದಿನ ಧಾರವಾಡದಲ್ಲಿ ಗಾಳಿ ಬದಲಾಗುತ್ತಿತ್ತು. ಉಸ್ತಾದ್ ಅಬ್ದುಲ್ ಕರೀಂ ಖಾನರಂಥವರ ಬರುವಿಕೆಯಿಂದ ಹಿಂದೂಸ್ತಾನಿ ಸಂಗೀತ ಈ ಭಾಗದಲ್ಲಿ ಬೇರೂರುತ್ತಿತ್ತು. ಈ ಭಾಗದ ಪರಂಪರೆಯೆಂದು ನಾವಿಂದು ಎದೆಯುಬ್ಬಿಸಿ ಹೇಳಿಕೊಳ್ಳುವ ಸಂಗೀತ ಆಗ ಹೊಸದು. ಹಾನಗಲ್ಲು ತಾಲ್ಲೂಕಿನಲ್ಲಿಯೇ ಹುಟ್ಟಿದ ಪಂಚಾಕ್ಷರಿ ಗವಾಯಿಗಳೂ (1892–1944) ಮೊದಲು ಕರ್ನಾಟಕ ಪದ್ಧತಿಯನ್ನು ಕಲಿತು ಆಮೇಲೆ ಹಿಂದೂಸ್ತಾನಿಯನ್ನು ಕಲಿತವರು. ಪುಟ್ಟ ಗಂಗೂಬಾಯಿ ಬೀದಿಯಲ್ಲಿ ಗ್ರಾಮಫೋನಿನ ಸದ್ದು ಕೇಳಿದರೆ ಮನೆಯಿಂದ ಓಡಿಹೋಗಿ ನಿಂತು ಕೇಳಿ, ಆ ಹಾಡನ್ನು ಹಾಡಿಕೊಳ್ಳುತ್ತಿದ್ದರಂತೆ. ಗ್ರಾಮಫೋನು ಅಂದಿನ ಮೊಬೈಲು. ಅದರ ಹಿಂದೆ ಓಡುವ ಮಗಳನ್ನು ಕಂಡು ಅಂಬಾಬಾಯಿ ಏನು ಹೇಳಬಹುದಿತ್ತು? ನಿನ್ನ ಮನೆಯಲ್ಲಿಯೇ ವಿದ್ಯೆಯಿರುವಾಗ ಬೀದಿಯ ಹಾಡೇಕೆ ಎನ್ನಬಹುದಿತ್ತು. ಹಾಗೆ ಹೇಳಲು ಅವರಿಗೆ ಅಧಿಕಾರವಿತ್ತು, ಯೋಗ್ಯತೆಯೂ ಇತ್ತು.

ಅವರು ಮಾಡಿದ್ದು ಬೇರೆ. ಮಗಳಿಗೆ ಹಿಂದೂಸ್ತಾನಿಯನ್ನೇ ಕಲಿಸಲು ನಿಶ್ಚಯಿಸಿದರು. 1928ರಲ್ಲಿ ಕುಟುಂಬ ಅದಕ್ಕಾಗಿಯೇ ಧಾರವಾಡದಿಂದ ಹುಬ್ಬಳ್ಳಿಗೆ ಬಂದಿತು. ತನ್ನ ಹಾಡಿನ ಛಾಯೆ ಮಗಳ ಕಲಿಕೆಯ ಮೇಲೆ ಬಿದ್ದು ಅದನ್ನು ಕೆಡಿಸಬಾರದೆಂದು ಆ ತಾಯಿ ತಾನು ಹಾಡುವುದನ್ನೇ ನಿಲ್ಲಿಸಿದರು. ತನ್ನ ಜೀವವೇ ಆಗಿದ್ದ ಸಂಗೀತವನ್ನು ಮನೆಯೊಳಗೂ ಹಾಡದೆ ಸುಮ್ಮನಾದರು. ಮಗಳು ದೊಡ್ಡ ಗಾಯಕಿಯಾದದ್ದನ್ನು ನೋಡಲು ಅವರು ಉಳಿಯಲಿಲ್ಲ, 1932ರಲ್ಲಿ ತೀರಿಕೊಂಡರು. ಆಮೇಲೆ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಸವಾಯಿ ಗಂಧರ್ವರಲ್ಲಿ ಕಲಿತದ್ದು, 2002ರಲ್ಲಿ ಪದ್ಮವಿಭೂಷಣರಾದದ್ದು ಎಲ್ಲರಿಗೂ ತಿಳಿದದ್ದೇ. ಅವರ ಮೊದಲ ಧ್ವನಿಮುದ್ರಿಕೆಗಳಲ್ಲಿ ದನಿ ತೆಳುವಾಗಿ, ಎತ್ತರವಾಗಿ ಕೇಳುತ್ತದೆ. ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ ಅದು ಗಂಡಸರ ದನಿಯಂತೆ ಗಡಸಾಯಿತು. ಹಳೆಯ ಗಂಗೂಬಾಯಿಯೇ ಚೆನ್ನಿದ್ದರು ಎಂದು ಆಗ ಯಾರಾದರೂ ಹೇಳಿದ್ದರೆ ಆಶ್ಚರ್ಯವಿಲ್ಲ. ಲೋಕ ಮಣಿದದ್ದು ಆ ಗಡಸು ದನಿಗೆ.

ಅಂಬಾಬಾಯಿಯವರು ಮಾಡಿದ್ದು ಸರಿಯೇ? ಈ ಪ್ರಶ್ನೆಯನ್ನು ಬೇಗ ಉತ್ತರಿಸಲು ನನಗೆ ಮನಸ್ಸಿಲ್ಲ. ಹೊಸದಕ್ಕೆ ದಾರಿ ಮಾಡಿಕೊಟ್ಟ ತಾಯಿಯೆಂದು ಹೊಗಳಿ ಮುಂದೆ ಹೋಗಬಹುದು. ಆದರೆ ಆ ಮೌನಕ್ಕೂ ಬೆಲೆಯಿತ್ತು. ಅವರ ಹಾಡು ನಮ್ಮ ಕಿವಿಯನ್ನು ತಲುಪಲಿಲ್ಲ. ಅವರು ಮೇಲಿದ್ದರೋ ಕೆಳಗಿದ್ದರೋ ಎಂದು ವಾದಿಸುವ ಅವಕಾಶವೂ ನಮಗಿಲ್ಲ. ಹಿರಿಯರೆಲ್ಲರೂ ಹೀಗೆ ಸುಮ್ಮನಾಗಲಿ ಎಂದು ಕೇಳುವುದು ಕ್ರೂರವಾದೀತು. ಅಂಬಾಬಾಯಿಯವರಿಂದ ಯಾರೂ ಅದನ್ನು ಬೇಡಿರಲಿಲ್ಲವೆಂಬುದನ್ನೂ ಮರೆಯಬಾರದು, ಅವರೇ ಕೊಟ್ಟರು. ನಮ್ಮ ಮನೆಗಳಲ್ಲಿ ಅಷ್ಟು ದೊಡ್ಡ ತ್ಯಾಗವನ್ನು ಯಾರೂ ಕೇಳುತ್ತಿಲ್ಲ. ಮಗನ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಒಂದು ಸಲ, ಮೊಬೈಲಿನ ದನಿಯನ್ನು ತಗ್ಗಿಸು ಎನ್ನದೆ, ಕೇಳುವುದು ನಾಲ್ಕು ನಿಮಿಷದ ಕೆಲಸ. ಹಾಗೆಯೇ ಮಗನಿಗೆ ಅಜ್ಜನ ಹಾಡನ್ನು, ಅಜ್ಜ ಇರುವಾಗಲೇ, ಅದೇ ಮೊಬೈಲಿನಲ್ಲಿ ಮುದ್ರಿಸಿಕೊಳ್ಳುವುದೂ ನಾಲ್ಕು ನಿಮಿಷದ ಕೆಲಸ. ಅಂಬಾಬಾಯಿಯವರ ಕಾಲದಲ್ಲಿ ಇಲ್ಲದಿದ್ದ ಈ ಸಲಕರಣೆ ಈಗ ಪ್ರತಿ ಜೇಬಿನಲ್ಲಿದೆ. ನಮ್ಮ ಊರುಗಳಲ್ಲಿ ಹಂತಿ ಪದ, ಸೋಬಾನೆ ಪದ, ಭಜನೆಯ ಹಳೆಯ ಧಾಟಿ ಬಲ್ಲವರು ಇನ್ನೂ ಇದ್ದಾರೆ, ದಿನಕ್ಕೊಬ್ಬರು ಕಡಿಮೆಯಾಗುತ್ತಿದ್ದಾರೆ.

ಎಜ್ರನ ಗ್ರಂಥದ ಮೂರನೆಯ ಅಧ್ಯಾಯವನ್ನು ಓದಿದಾಗಲೆಲ್ಲ ನನಗೆ ನಮ್ಮ ದೇವಾಲಯಗಳ ನೆನಪಾಗುತ್ತದೆ. ಸೆರೆಯಿಂದ ಮರಳಿದ ಜನ ಜೆರುಸಲೇಮಿನಲ್ಲಿ ಹೊಸ ದೇವಾಲಯಕ್ಕೆ ಅಡಿಪಾಯ ಹಾಕುತ್ತಾರೆ. ತುತೂರಿ, ತಾಳಗಳು ಮೊಳಗುತ್ತವೆ. ಹಿಂದಿನ ದೇವಾಲಯವನ್ನು ಕಣ್ಣಾರೆ ಕಂಡಿದ್ದ ಮುದುಕರು ಗಟ್ಟಿಯಾಗಿ ಅಳುತ್ತಾರೆ. ಅದನ್ನು ಕಾಣದ ಯುವಕರು ಸಂತೋಷದಿಂದ ಕೂಗುತ್ತಾರೆ. ಅಳು ಯಾವುದು, ನಲಿವಿನ ಕೂಗು ಯಾವುದು ಎಂದು ದೂರದಲ್ಲಿದ್ದವರಿಗೆ ತಿಳಿಯದಷ್ಟು ಎರಡೂ ಬೆರೆತುಹೋಗುತ್ತವೆ. ಅಳುವ ಮುದುಕರನ್ನು ಅಲ್ಲಿ ಯಾರೂ ಗದರಿಸುವುದಿಲ್ಲ. ಮುದುಕರೂ ಅಳುತ್ತ ಮನೆಗೆ ಹೊರಟುಹೋಗುವುದಿಲ್ಲ, ಅಲ್ಲಿಯೇ ನಿಂತು ಅಳುತ್ತಾರೆ.

ಕೊನೆಯದಾಗಿ, ಹಳೆಯ ಹಾಡೇ ಬೇಕಾಗುವ ಒಂದು ಹೊತ್ತಿದೆ, ಅದನ್ನು ಹೊಸದರ ಅಭಿಮಾನಿಗಳೂ ಒಪ್ಪುತ್ತಾರೆ. ಮನೆಯಲ್ಲಿ ಸಾವಾದಾಗ, ಸಮಾಧಿಯ ಬಳಿ, ಪುಸ್ತಕ ತೆರೆಯಲು ಕೈಬಾರದಿದ್ದಾಗ, ಗಾನವೃಂದವಿರಲಿ ಇಲ್ಲದಿರಲಿ, ಒಬ್ಬರು ಎತ್ತಿಕೊಂಡರೆ ಉಳಿದವರೆಲ್ಲರ ಬಾಯಿಗೆ ತಾನಾಗಿ ಬರುವ ಹಾಡು ಬೇಕು. ಮೂವತ್ತು, ನಲವತ್ತು ವರ್ಷ ಒಟ್ಟಿಗೆ ಹಾಡಿದ ಹಾಡಿಗೆ ಮಾತ್ರ ಆ ಶಕ್ತಿ ಬರುತ್ತದೆ. ಎಷ್ಟು ಒಳ್ಳೆಯ ಹೊಸ ಹಾಡೂ ಮೊದಲ ವರ್ಷದಲ್ಲಿ ಅದನ್ನು ಪಡೆಯಲಾರದು. ಇಂದು ಭಾನುವಾರದ ಬಲಿಪೂಜೆಯಲ್ಲಿ ಕೀಬೋರ್ಡಿನ ಪಕ್ಕದಲ್ಲಿ ನಿಂತಿರುವ ಹುಡುಗ ಹುಡುಗಿಯರೇ ನಮ್ಮಲ್ಲಿ ಅನೇಕರನ್ನು ಮಣ್ಣಿಗೆ ಒಪ್ಪಿಸುವವರು. ಅಂದು ಅವರ ಬಾಯಿಗೆ ತಾನಾಗಿ ಬರುವ ಹಾಡು ಯಾವುದೋ, ಅದನ್ನು ಅವರು ಈ ವರ್ಷ ಕಲಿಯುತ್ತಿರಬಹುದು. ಮುಂದಿನ ಭಾನುವಾರ ಅದು ಯಾವ ಹಾಡೆಂದು ಅವರನ್ನು ಕೇಳಿ, ಮೊದಲ ಚರಣವನ್ನಾದರೂ ಅವರ ಜೊತೆ ಹಾಡಿ ನೋಡಿ.